ತೂತಿಲ್ಲದ ಗುಂಡಿಗಳು

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಜಾಗಕ್ಕೆ ಬಂದ ಸಾಹೇಬರು ಒಳ್ಳೆಯವರೇ. ಆದರೆ ಹಳೇ ಡಬ್ಬಿಗಳ ಚೀಟಿಗಳನ್ನೆಲ್ಲ ಬದಲಿಸುತ್ತಿದ್ದಾರೆ. ನನ್ನ ಡಬ್ಬಿಯೊಂದನ್ನು ಬಿಡಲು ಅವರಿಗೆ ಒಂದು ಮಾತು ಹೇಳಿ.

ಹೊಲಿಗೆ ಅಂಗಡಿ ಮುಚ್ಚಿ ನಾನು ಇಲ್ಲಿ ಪಳೆಯುಳಿಕೆ ಹುಡುಕಲು ಹಳೆಯ ಸಮುದ್ರತಳದ ಮರಳು ಜರಡಿ ಹಿಡಿಯಲು ಸೇರಿದ ವಾರ, ಸಿಕ್ಕಿದ ದುಂಡನೆಯ ಬಿಲ್ಲೆಗಳನ್ನು ಡಬ್ಬಿಗೆ ಹಾಕಿ ‘ಗುಂಡಿ, ತೂತಿಲ್ಲ’ ಎಂದು ಚೀಟಿ ಅಂಟಿಸಿದ್ದೆ. ಎಲ್ಲರೂ ನಕ್ಕರು. ನೀವು ಪಕ್ಕದಲ್ಲಿ ಕೂತು ಭೂತಗನ್ನಡಿ ಕೊಟ್ಟು, ಬಿಲ್ಲೆಯ ಮೇಲಿನ ಸಣ್ಣ ಸಣ್ಣ ಗೂಡುಗಳನ್ನು ತೋರಿಸಿ ಹೇಳಿದಿರಿ:

"ಇದು ಕಲ್ಲಾಗಿರೋ ಸಂಸಾರ ಕಣಮ್ಮ. ಗೂಡಿಗೊಂದು ಜೀವ ಇತ್ತು. ಬಂಡೆಗೆ ಅಂಟಿಕೊಳ್ಳದೆ ಮರಳ ಮೇಲೇ ಬದುಕಿದ್ವು. ಮರಳು ಮುಚ್ಚಿದ್ರೆ ಎಲ್ಲಾ ಸೇರಿ ಕೂದಲಿನಂಥ ಕಡ್ಡಿ ಆಡಿಸಿ ಮೇಲೆ ಬರ್ತಿದ್ವು."

"ಹಾಗಾದ್ರೆ ಇದು ಗುಂಡಿಯಿಂದ ಎದ್ದು ಬರೋ ಗುಂಡಿ" ಎಂದೆ.

ನಮ್ಮ ಯಜಮಾನರು ಹೋದ ಮೇಲೆ ನಾನು ತಮಾಷೆ ಮಾಡಿದ್ದು ಅದೇ ಮೊದಲು. ನಿಮಗದು ಗೊತ್ತಿತ್ತೋ ಏನೋ. ಚೀಟಿಯನ್ನು ಕೀಳದೆ, ಕೆಳಗೆ ಸಣ್ಣಕ್ಷರದಲ್ಲಿ ‘ಬ್ರಯೋಜೋವ’ ಎಂದು ಆ ಜೀವಿಗಳ ಶಾಸ್ತ್ರದ ಹೆಸರನ್ನಷ್ಟೇ ಸೇರಿಸಿದಿರಿ.

ನಿಮ್ಮ ಬಿಳಿ ಕೋಟಿನ ಮೂರನೇ ಗುಂಡಿ ಸಡಿಲವಾಗಿತ್ತು. ಈ ಕಡೆ ಬಂದಾಗ ತನ್ನಿ, ಹೊಲಿದು ಕೊಡುತ್ತೇನೆ. ತೂತಿರುವುದನ್ನೇ ಹಾಕುತ್ತೇನೆ.

ಇಂತಿ,
ಜರಡಿ ಕೋಣೆಯ ಹೊಲಿಗೆಯಮ್ಮ