ಒಂಟಿಗೂಗು

ಜಯನಗರ, ಬೆಂಗಳೂರು
18-10-1964

ಪ್ರೀತಿಯ ಅಲಮೇಲಕ್ಕನಿಗೆ ತಮ್ಮ ಜಯಸಿಂಹನ ನಮಸ್ಕಾರಗಳು.

ಮೈಸೂರಿನಿಂದ ನೀನು ಬರೆದ ಮೂರು ಕಾಗದಗಳೂ ತಲುಪಿವೆ. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈ, ನಾನಿರುವುದೇ ಅದಕ್ಕೆ. ಮೂರನೆಯದು ಬಂದ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

ನಮ್ಮ ಚಿತ್ರ 'ಒಂಟಿಗೂಗು' ಬಿಡುಗಡೆಯಾಯಿತು. ಕಥೆ ನನ್ನದಲ್ಲ, ಸುಬ್ರಹ್ಮಣ್ಯಪುರದ ಬೈರಮ್ಮನದು. ಅವಳ ಹೊಲದ ಆಚೆಗಿನ ಕುರುಚಲು ಕಾಡಿನಲ್ಲೇ ಚಿತ್ರ ತೆಗೆದದ್ದು. "ಆ ಕಾಡಲ್ಲಿ ಒಂದೈತೆ ಸಾಮಿ, ಮೈಯೆಲ್ಲಾ ಕೂದ್ಲು. ನಮ್ಮೋರ ದನೀಲೇ ಹೆಸ್ರಿಡಿದು ಕೂಗ್ತದೆ, ಒಂದೇ ಸಲ. ಓ ಅಂದ್ರೆ ಮುಗೀತು. ಮನುಸ್ರಾದ್ರೆ ಮೂರು ಸಲ ಕೂಗ್ತಾರೆ" ಎಂದಿದ್ದಳು. ನಮ್ಮಮ್ಮನೂ ಇದನ್ನೇ ಹೇಳುತ್ತಿದ್ದಳಲ್ಲ, ನೆನಪಿದೆಯೇ? ಹಿತ್ತಲಿನಿಂದ ನೀನು ಒಂದು ಸಲ ಕರೆದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಮೂರನೆಯ ಸಲಕ್ಕೆ ನೀನು ಪೊರಕೆ ಹಿಡಿದೇ ಬರುತ್ತಿದ್ದೆ.

ಚಿತ್ರದಲ್ಲಿ ಮೈಯೆಲ್ಲ ಕೂದಲಿನ ಆ ವೇಷಕ್ಕೆ ಎತ್ತರದ ಆಳು ಬೇಕಿತ್ತು. ನಿನ್ನ ಯಜಮಾನರು, ನಮ್ಮ ಚಕ್ರಪಾಣಿ ಭಾವ, ತಾವಾಗಿಯೇ ಒಪ್ಪಿದರು. "ಅಂಚೆ ಕಚೇರೀಲಿ ಮೂವತ್ತು ವರ್ಷ ಮನುಷ್ಯನ ವೇಷ ಹಾಕಿದ್ದಾಯ್ತು, ಇದೊಂದು ನೋಡೇಬಿಡೋಣ ಕಣಯ್ಯ" ಎಂದು ನಕ್ಕರು. ಗೋಣಿತಟ್ಟಿನ ಮೇಲೆ ತೆಂಗಿನ ನಾರು. ಬೆನ್ನ ಮೇಲೆ ದಬ್ಬಣದಲ್ಲಿ ಹೊಲಿದರೆ ಬಿಚ್ಚಲು ಇನ್ನೊಬ್ಬರೇ ಬೇಕು. ದೀಪಗಳಿಗೆ ಗತಿಯಿಲ್ಲದೆ ರಾತ್ರಿಯ ದೃಶ್ಯಗಳನ್ನೆಲ್ಲ ಏಪ್ರಿಲ್ಲಿನ ಉರಿಬಿಸಿಲಲ್ಲಿ ತೆಗೆದೆವು. ಕ್ಯಾಮೆರಾಕ್ಕೆ ಕೆಂಪು ಗಾಜು ಹಾಕಿದರೆ ಬಿಸಿಲೇ ಬೆಳದಿಂಗಳಾಗುತ್ತದೆ. ಬಿಡುವಿದ್ದಾಗ ಭಾವ ಪೊದೆಯ ಹಿಂದಿನಿಂದ ಒಬ್ಬೊಬ್ಬರ ಹೆಸರನ್ನೂ ಒಂದೊಂದು ಸಲ ಕೂಗಿ ಹೆದರಿಸುತ್ತಿದ್ದರು. ಅಯ್ಯೋ, ಎಷ್ಟು ನಗಿಸಿದರು!

ಆ ದಿನದ್ದನ್ನು ನಿನಗೆ ಹೇಳಿದ್ದೇನೆ. ವೇಷದಲ್ಲೇ ಬಂಡೆಯ ಹಿಂದೆ ನೆರಳಿಗೆ ಹೋದರು. ಊಟಕ್ಕೆ ಕರೆಯಲು ಹೋದಾಗ ಹಾಗೇ ಒರಗಿ ಕುಳಿತಿದ್ದರು. ಬಿಸಿಲಿಗೆ ಎದೆ ನಿಂತಿದೆ ಎಂದರು ಡಾಕ್ಟರು. "ಕೊನೇಗೆ ಏನಾದ್ರೂ ಅಂದ್ರೇನೋ?" ಎಂದು ನೀನು ಕೇಳಿದಾಗ ಇಲ್ಲ ಎಂದೆ.

ಈಗ ಚಿತ್ರ ನೋಡಲು ಬರುತ್ತೇನೆ ಎನ್ನುತ್ತೀಯ. ಮುಖ ಕಾಣದಿದ್ದರೂ ಅವರ ನಡಿಗೆಯನ್ನಾದರೂ ನೋಡುತ್ತೇನೆ ಎಂದು ಬರೆದಿದ್ದೀಯ. ಬೇಡಕ್ಕ, ಬರಬೇಡ. ಪರದೆ ಮಸುಕು, ಕುರ್ಚಿಯ ತುಂಬ ತಿಗಣೆ. ಚಿತ್ರವೂ ಅಷ್ಟಕ್ಕಷ್ಟೆ, ನಾರಿನ ವೇಷ ಕಂಡೊಡನೆ ಜನ ನಗುತ್ತಾರೆ. ಆದರೆ ಅದು ಕೂಗುವ ಕಡೆ ಯಾರೂ ನಗುವುದಿಲ್ಲ. ಮೊನ್ನೆ ಯಡಿಯೂರಿನ ಹೆಂಗಸೊಬ್ಬಳು ತೊಡೆಯ ಮೇಲಿನ ಮಗುವಿನ ಕಿವಿ ಮುಚ್ಚಿದಳು. "ಆ ಕೂಗು ಎಲ್ಲಿಂದ ತಂದ್ರಿ ಸಾರ್?" ಎಂದು ಕೇಳದವರಿಲ್ಲ.

ಊಟ ಬಿಡಬೇಡ, ಆರೋಗ್ಯ ನೋಡಿಕೋ. ಮಗಳು ಸೀತಾಲಕ್ಷ್ಮಿಗೆ ಈ ಮಾವನ ಆಶೀರ್ವಾದ.

ನಿನ್ನ ತಮ್ಮ,
ಜಯಸಿಂಹ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಅಕ್ಕ, ನಿನಗೆ ಸುಳ್ಳು ಹೇಳಿದ್ದೆ. ಆ ಮಧ್ಯಾಹ್ನ ಕಾಡಿನ ಸದ್ದು ಹಿಡಿಯಲು ಟೇಪ್ ರೆಕಾರ್ಡರ್ ಹಾಕಿಕೊಂಡು ಅದೇ ಬಂಡೆಯ ಈಚೆ ಕುಳಿತಿದ್ದೆ. "ಜಯಾ..." ಎಂದು ಭಾವ ಕೂಗಿದರು. ಒಂದೇ ಸಲ. ತಮಾಷೆ ಎಂದುಕೊಂಡೆ. ಅದೂ ಸುಳ್ಳು, ಹೆದರಿದೆ. ಎರಡನೆಯ ಕೂಗಿಗೆ ಕಾಯುತ್ತ ಕುಳಿತೆ.

ಚಿತ್ರದಲ್ಲಿರುವುದು ಆ ಕೂಗೇ. ಬೇರೆ ಯಾವುದನ್ನು ಹಾಕಿದರೂ ನಾಟಕದಂತೆ ಕೇಳುತ್ತಿತ್ತು, ಪಾಪಿ ನಾನು. ಹೆಸರು ತಿಳಿಯದ ಹಾಗೆ ಟೇಪನ್ನು ನಿಧಾನವಾಗಿ ಓಡಿಸಿದ್ದೇನೆ. ನಿನಗೆ ಮಾತ್ರ ಗುರುತು ಸಿಕ್ಕಿಬಿಡುತ್ತದೆ.

ದಿನಕ್ಕೆ ಮೂರು ಆಟ, ಆಟಕ್ಕೊಂದೇ ಕೂಗು. ಮೂರಕ್ಕೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮೂರನೆಯ ಸಲ ಅವರು ಕೂಗಿದಾಗ ಎದ್ದು ನಿಂತು, "ಬಂದೆ ಭಾವ" ಎನ್ನುತ್ತೇನೆ.