ಉಳವಪ್ಪ ಮಾಸ್ತರರ ಹವಾಯಿ

ಸವಣೂರು
೧೪ ಮೇ ೨೦೨೪

ಪ್ರೀತಿಯ ಫರ್ಜಾನಾ, ನಿನ್ನ ಚಾಚಾನ ಸಲಾಮು ಮತ್ತು ದುವಾ.

ಧಾರವಾಡದ ಬಿಸಿಲು ಹೇಗಿದೆ? ಹಾಸ್ಟೆಲ್ಲಿನ ಊಟ ಹೊಟ್ಟೆಗೆ ಒಗ್ಗಿತೇ? ಇಲ್ಲಿ ನಿನ್ನ ಅಬ್ಬಾನ ಮೊಣಕಾಲು ನೋವು ಇಳಿದಿದೆ. ನಾನು ಕೊಟ್ಟ ಮೆತ್ತನೆಯ ಚಪ್ಪಲಿಯಿಂದಲೇ ಇಳಿಯಿತೆಂದು ಓಣಿಯವರೆಲ್ಲ ಹೇಳುತ್ತಾರೆ. ಅವರಿಗೆ ಹೇಳಿದವನು ನಾನೇ.

ಇನ್ನು ದೊಡ್ಡ ಸುದ್ದಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಿನ್ನ ಚಾಚಾ, ತನಗೆ ಅಕ್ಷರ ಕಲಿಸಿದ ಉಳವಪ್ಪ ಮಾಸ್ತರರನ್ನೇ ವಾದದಲ್ಲಿ ಸೋಲಿಸಿದ! ಎಂಟು ದಿನದ ಹಿಂದೆ ಸರೋಜವ್ವ ಅಂಗಡಿಗೆ ಚಪ್ಪಲಿ ಕೊಳ್ಳಲು ಬಂದವಳು, “ಇದಕ್ಕ ಹವಾಯಿ ಅಂತ ಯಾಕಂತಾರೋ ಶೇಖಸಾಬ?” ಎಂದಳು. “ಬೆರಳಸಂದ್ಯಾಗ ಹವಾ ಆಡತೈತಿ, ಅದಕ್ಕ ಹವಾಯಿ” ಎಂದೆ. ಮೂವತ್ತು ವರ್ಷ ಇದನ್ನೇ ಹೇಳಿ ಮಾರಿದ್ದೇನೆ, ಒಬ್ಬರೂ ಚಪ್ಪಲಿ ವಾಪಸು ತಂದಿಲ್ಲ. ದಿನಾ ಸಂಜೆ ನನ್ನ ಬೆಂಚಿನ ಮೇಲೆ ಕುಳಿತು ಎಲೆಅಡಿಕೆ ಹಾಕುವ ಮಾಸ್ತರರು ಸುಮ್ಮನಿರಬಾರದೇ? “ತಪ್ಪು ಹೇಳಬ್ಯಾಡಲೇ. ಹವಾಯಿ ಅಂದ್ರ ಸಮುದ್ರದಾಗಿನ ಒಂದು ನಡುಗಡ್ಡಿ. ಅಲ್ಲಿಯ ಹೆಸರು ಇದಕ್ಕ ಬಂದೈತಿ” ಎಂದರು. ನಾನು ಬಿಡುವವನೇ? “ಆ ನಡುಗಡ್ಡಿಗೆ ಸವಣೂರಿಂದ ಬಸ್ ಎಷ್ಟಕ್ಕೈತ್ರಿ ಸರ?” ಎಂದೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಸರೋಜವ್ವನಂತೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮಾಸ್ತರರು ಗಡಬಡಿಸಿ ಎದ್ದರು. ಮೆಟ್ಟಿಲು ಇಳಿಯುವಾಗ ಅವರ ಹಳೆಯ ಹವಾಯಿಯ ಬಾರು ಕಿತ್ತುಬಂತು. ಸರಿಮಾಡಿಕೊಡುತ್ತೇನೆ ಎಂದರೂ ನಿಲ್ಲದೆ, ಅದನ್ನು ಅಲ್ಲಿಯೇ ಬಿಟ್ಟು, ಸಂಜೆಯಾದರೂ ಆರದ ಆ ಕಾದ ರಸ್ತೆಯಲ್ಲಿ ಒಂದು ಕಾಲು ಬರಿಗಾಲಾಗಿ ಹೋದರು. ಅಂದಿನಿಂದ ಇತ್ತ ಬಂದಿಲ್ಲ. ಒಳ್ಳೆಯದೇ ಆಯಿತು, ಗಿರಾಕಿಗಳಿಗೆ ಕೂರಲು ಬೆಂಚು ಸಿಕ್ಕಿತು. ಯಾಕೋ ಅದರ ಮೇಲೆ ಯಾರೂ ಕೂರುತ್ತಿಲ್ಲ.

ಚೆನ್ನಾಗಿ ಓದು. ಬಿಸಿಲಿಗೆ ಬರಿತಲೆಯಲ್ಲಿ ತಿರುಗಬೇಡ. ಅಲ್ಲಾಹ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ, ಗೆದ್ದ ನಿನ್ನ ಚಾಚಾ
ಶೇಖಸಾಬ

ತಾ.ಕ.: ಮೊನ್ನೆ ಫೋನಿನಲ್ಲಿ, ಯಾಕೆಂದು ಹೇಳದೆ, ಹವಾಯಿ ಎಂದರೇನು ಎಂದು ಕೇಳಿದಾಗ, ನಿಮ್ಮ ಕಾಲೇಜಿನ ಪುಸ್ತಕದಲ್ಲಿ ನಡುಗಡ್ಡೆ ಎಂದೇ ಇದೆ ಎಂದು ನೀನು ಹೇಳಿದೆಯಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಅದನ್ನೇ ಒಂದು ಕಾಗದದಲ್ಲಿ ಬರೆದು ಬೇಗ ಕಳಿಸು. ಮಾಸ್ತರರು ಬರೆದದ್ದನ್ನು ಮಾತ್ರ ನಂಬುವ ಮನುಷ್ಯ. ಅವರ ಚಪ್ಪಲಿಗೆ ಹೊಸ ಬಾರು ಹಾಕಿ ಇಟ್ಟಿದ್ದೇನೆ. ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ನಾನೇ ಅವರ ಮನೆಗೆ ಹೋಗುತ್ತೇನೆ. ಚಾಚಾ ಸೋತ ಎಂದು ಬರೆ. ಸ್ವಲ್ಪದರಲ್ಲಿ ಸೋತ ಎಂದು ಬರೆ.