ಹಾಪ್ ತೋಟಗಳ ದಾರಿ

ಸೆಪ್ಟೆಂಬರ್ ೩, ಮಂಗಳವಾರ.

ಯೋರಿಸ್ ಇವತ್ತು ಅಂಗಳದಲ್ಲೇ ಸೈಕಲ್ಲಿನಿಂದ ಬಿದ್ದ. ಕೈಯ ನಡುಕ ಈಗ ಕಾಲಿಗೂ ಇಳಿದಿದೆ. ನಾನು ಮೊಣಕೈಯ ರಕ್ತ ಒರೆಸುತ್ತಿದ್ದರೂ ಅವನದು ಅದೇ ಮಾತು.

"ಹಾಪ್ ಕೊಯ್ಲು ಮುಗಿಯೋದ್ರೊಳಗೆ ಹೊರಡೋಣ. ಪೊಪೆರಿಂಗೆ ಊರಿಂದ ತೋಟಗಳ ನಡುವೆನೇ ಹೋದ್ರೆ ಮಠ ಸಿಗತ್ತೆ. ಸನ್ಯಾಸಿಗಳು ಮಾಡೋ ಬಿಯರು ಅಲ್ಲೇ ಕೂತು ಕುಡಿಯೋಣ."

ಮದುವೆಯಾದಾಗಿನಿಂದ ಮುಂದೂಡುತ್ತ ಬಂದ ಪ್ರವಾಸವಿದು: ಬಿಯರಿಗೆ ಕಹಿ ಕೊಡುವ ಹಾಪ್ ಹೂವಿನ ತೋಟಗಳ ನಡುವೆ, ಕ್ರೈಸ್ತ ಮಠದವರೆಗೆ, ಇಬ್ಬರೂ ಸೈಕಲ್ಲಿನಲ್ಲಿ.

"ಮೂರು ಗಾಲಿಯ ಸೈಕಲ್ ಬಾಡಿಗೆಗೆ ಸಿಗತ್ತಂತೆ," ಅಂದೆ.

"ಅದು ಮುದುಕರಿಗೆ ಕಣೇ," ಎಂದು ನಕ್ಕ. ನಗುತ್ತಿದ್ದವನು ಅತ್ತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ, "ಲೀವ, ನೀನೊಬ್ಳೇ ಹೋಗ್ಬಾ. ಬಂದು ನಂಗೆ ಹೇಳು," ಅಂದ.

ಆಮೇಲೆ ನಕಾಶೆ ಬಿಡಿಸಿ, ಏರು ಎಲ್ಲಿದೆ, ಎದುರುಗಾಳಿ ಎಲ್ಲಿ ಹೊಡೆಯುತ್ತದೆ ಎಂದು ತೋರಿಸತೊಡಗಿದ. ಬೆರಳು ಯಾವ ಊರಿನ ಮೇಲೂ ನಿಲ್ಲಲಿಲ್ಲ. ನಾನು ಎಲ್ಲ ಕಂಡವಳಂತೆ ಹೂಂ ಎನ್ನುತ್ತಿದ್ದೆ. ಒಬ್ಬಳೇ ಹೋಗಿ, ಬಂದು, ಇವನಿಗೆ ಏನೆಂದು ಹೇಳಲಿ?